ಗರ್ಭಿಣಿಯ ರಕ್ತ, ಮಗುವಿನ ತೂಕ

ರೊಬಸ್ಟಾ ಕೊಯ್ಲಿನ ದಿನಗಳಲ್ಲಿ ಅಮ್ಮತ್ತಿಯ ನನ್ನ ಕ್ಲಿನಿಕ್ಕಿಗೆ ಹೆಣ್ಣುಮಕ್ಕಳು ಬರುವುದು ಸಂಜೆ ಐದರ ನಂತರವೇ. ತೋಟದಿಂದ ಮರಳಿ, ಕೈಯ ಕರೆ ತೊಳೆದು, ಮಕ್ಕಳಿಗೆ ಚಹಾ ಕೊಟ್ಟು ಬರುತ್ತಾರೆ. ಹಾಗೆ ಬಂದವರಲ್ಲಿ ಒಬ್ಬಳು ಅತ್ತೆಯ ಜೊತೆ ಬಂದಿದ್ದಳು. ಇಪ್ಪತ್ಮೂರು ವರ್ಷ, ಐದನೇ ತಿಂಗಳು. ಕಂಕುಳಲ್ಲಿ ಇನ್ನೂ ಹಾಲು ಕುಡಿಯುವ ಮೊದಲ ಮಗು. ಗಂಡ ಗಲ್ಫ್‌ನಲ್ಲಿ. "ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ, ರಾತ್ರಿ ಕಾಲು ಸೆಳೆತ. ಶಕ್ತಿಗೆ ಒಂದು ಮಾಜೂನ್ ಕೊಡಿ ಡಾಕ್ಟ್ರೇ" ಎಂದು ಅತ್ತೆ ಕೇಳಿದರು. ಸೊಸೆ ಮಾತಾಡಲಿಲ್ಲ. ಆಕೆಯ ಕಿಸೆಯಲ್ಲಿ ಅಕ್ಕಿಕಾಳು ಇತ್ತು. ಹಸಿ ಅಕ್ಕಿ ಅಗಿಯುವ ಚಟ ಎರಡು ತಿಂಗಳಿಂದ ಎಂದು ಆಮೇಲೆ ಗೊತ್ತಾಯಿತು.

ನಾನು ಮಾಜೂನ್ ಕೊಡಲಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟೆ. ಮರುದಿನ ಬಂದ ವರದಿಯಲ್ಲಿ ಹಿಮೋಗ್ಲೋಬಿನ್ 7.2. ಗರ್ಭಿಣಿಯಲ್ಲಿ ಇದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಆಕೆ ಅಂಚಿನಲ್ಲಿ ನಿಂತಿದ್ದಳು. ಅತ್ತೆಗೆ ನಂಬಿಕೆ ಬರಲಿಲ್ಲ: "ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ? ನಾನು ಆರು ಹೆತ್ತಿಲ್ಲವಾ?" ಆರು ಹೆತ್ತಿದ್ದೀರಿ, ಉಳಿದದ್ದು ಎಷ್ಟು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ನಾಲ್ಕು" ಎಂದರು.

ಇದು ಒಂದು ಮನೆಯ ಕಥೆ ಮಾತ್ರವಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಅಂದರೆ ನೀವು ಓದುವ ಈ ಹೊತ್ತಿಗೆ ನಿಮ್ಮ ಓಣಿಯಲ್ಲಿ ಇಬ್ಬರು ಗರ್ಭಿಣಿಯರಿದ್ದರೆ ಅವರಲ್ಲಿ ಒಬ್ಬಳಿಗೆ ಇರುವ ಸಾಧ್ಯತೆ ಹೆಚ್ಚು. ಹಾಗಾಗಿ ಗರ್ಭಿಣಿಯ ಆರೈಕೆಯ ಬಗ್ಗೆ ಹೇಳಬೇಕಾದ ನೂರು ವಿಷಯಗಳಿದ್ದರೂ ನಾನು ರಕ್ತದಿಂದಲೇ ಶುರು ಮಾಡುತ್ತೇನೆ.

ರಕ್ತ ಎಲ್ಲಿ ಹೋಗುತ್ತದೆ?

ಮಗು ಬೆಳೆಯುವಾಗ ತಾಯಿಯ ಮೈಯಲ್ಲಿ ರಕ್ತದ ಪ್ರಮಾಣ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಆ ಹೊಸ ರಕ್ತ ತಯಾರಾಗಲು, ಮಗುವಿಗೆ, ಮಾಸಿಗೆ, ಹೆರಿಗೆಯಲ್ಲಿ ಹರಿದುಹೋಗುವುದಕ್ಕೆ ಎಲ್ಲ ಸೇರಿ ಒಂಬತ್ತು ತಿಂಗಳಲ್ಲಿ ಸುಮಾರು 1000 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಒಂದು ಗ್ರಾಂ ಎಂದರೆ ಚಿಟಿಕೆಯಷ್ಟು ಎಂದು ನಿಮಗನ್ನಿಸಬಹುದು. ಆದರೆ ನಾವು ತಿನ್ನುವ ಅನ್ನ ಸಾರಿನಲ್ಲಿರುವ ಕಬ್ಬಿಣದಲ್ಲಿ ಬಹುಪಾಲು ರಕ್ತಕ್ಕೆ ಸೇರದೆ ಹಾಗೆಯೇ ಹೊರಗೆ ಹೋಗುತ್ತದೆ. ಮಗು ಮಾತ್ರ ತನ್ನ ಪಾಲು ಬಿಡುವುದಿಲ್ಲ, ತಾಯಿಯ ದಾಸ್ತಾನಿನಿಂದ ಎಳೆದುಕೊಳ್ಳುತ್ತದೆ. ತಾಯಿಯ ದಾಸ್ತಾನೇ ಖಾಲಿಯಾದಾಗ ಇಬ್ಬರಿಗೂ ಕೊರತೆ. ದಿನ ತುಂಬುವ ಮೊದಲೇ ಹೆರಿಗೆ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು, ಹೆರಿಗೆಯ ನಂತರ ಸ್ವಲ್ಪ ರಕ್ತ ಹೋದರೂ ತಡೆದುಕೊಳ್ಳಲಾಗದ ತಾಯಿ: ಇವೆಲ್ಲ ಅಲ್ಲಿಂದ ಬರುವ ಆಪತ್ತುಗಳು. ಹುಟ್ಟಿದ ಮೇಲೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕುಡಿಯುವ ಮಗು ಕಬ್ಬಿಣಾಂಶಕ್ಕೆ ಹೆಚ್ಚಾಗಿ ಅವಲಂಬಿಸುವುದು ಹೊಟ್ಟೆಯಲ್ಲಿದ್ದಾಗ ಕೂಡಿಟ್ಟ ಗಂಟನ್ನೇ.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಪ್ರಾಕ್ಟೀಸ್ ಶುರು ಮಾಡಿದ ಮೊದಲ ವರ್ಷಗಳಲ್ಲಿ ಏಳನೇ ತಿಂಗಳ ಒಬ್ಬ ಗರ್ಭಿಣಿ ಸುಸ್ತು ಎಂದು ಬಂದಳು. ನಾನು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದೆ, ನಾಡಿ ಹಿಡಿದೆ, "ಸ್ವಲ್ಪ ರಕ್ತ ಕಡಿಮೆ" ಎಂದು ಶರ್ಬತೆ ಫೌಲಾದ್ ಕೊಟ್ಟು ಕಳಿಸಿದೆ. ರಕ್ತ ಪರೀಕ್ಷೆ ಮಾಡಿಸಲಿಲ್ಲ. ಮೂರು ವಾರಕ್ಕೆ ನೋವು ಬಂತು. ಮಗು ಬದುಕಿತು, ಆದರೆ ಒಂದು ಕಿಲೋ ಏಳುನೂರು ಗ್ರಾಂ ಇತ್ತು, ಬಹಳ ದಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಆಸ್ಪತ್ರೆಯಲ್ಲಿ ನೋಡಿದಾಗ ಅವಳ ಹಿಮೋಗ್ಲೋಬಿನ್ 6ರ ಆಸುಪಾಸು. ಫೌಲಾದ್ ಎಂದರೆ ಕಬ್ಬಿಣವೇ, ಔಷಧಿ ಕೆಟ್ಟದ್ದಲ್ಲ. ಆದರೆ ಆ ಹೊತ್ತಿಗೆ ಆ ಕೊರತೆಗೆ ಅದು ಸಾಲುವಂಥದ್ದಲ್ಲ. ಕಣ್ಣು ನೋಡಿ ರಕ್ತ ಅಳೆಯುವ ಅಭ್ಯಾಸವನ್ನು ನಾನು ಅಂದೇ ಬಿಟ್ಟೆ.

ನಮ್ಮ ಕಡೆ ರಕ್ತ ಕಡಿಮೆಯಾಗಲು ಊಟ ಒಂದೇ ಕಾರಣವಲ್ಲ. ತೋಟದ ನೆರಳು, ಒದ್ದೆ ಮಣ್ಣು, ಬರಿಗಾಲು ಈ ಮೂರೂ ಸೇರಿದಲ್ಲಿ ಕೊಕ್ಕೆಹುಳು ಇರುತ್ತದೆ. ಬಯಲಿಗೆ ಹೋದವರ ಮಲದಿಂದ ಮೊಟ್ಟೆ ಮಣ್ಣಿಗೆ ಸೇರಿ, ಮರಿಹುಳು ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಎಷ್ಟು ಸೊಪ್ಪು ತಿಂದರೂ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ. ಆದ್ದರಿಂದಲೇ ಮೊದಲ ಮೂರು ತಿಂಗಳು ಕಳೆದ ಮೇಲೆ ಗರ್ಭಿಣಿಗೆ ಒಂದು ಜಂತುಹುಳದ ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಹೆದರಬೇಡಿ, ತೆಗೆದುಕೊಳ್ಳಿ. ತೋಟಕ್ಕೆ, ಬಟ್ಟೆ ಒಗೆಯುವ ತೋಡಿಗೆ, ಹಿತ್ತಲಿಗೆ ಚಪ್ಪಲಿ ಹಾಕಿಯೇ ಹೋಗಿ.

ಇನ್ನೊಂದು ಕಾರಣ ಹೆರಿಗೆಗಳ ನಡುವಿನ ಅಂತರ. ನನ್ನ ಬಳಿ ಬಂದ ಆ ಹುಡುಗಿಗೆ ಮೊದಲ ಮಗು ಹುಟ್ಟಿ ಎಂಟು ತಿಂಗಳಿಗೇ ಮತ್ತೆ ಗರ್ಭ ನಿಂತಿತ್ತು. ಗಂಡ ಎರಡು ತಿಂಗಳ ರಜೆಯಲ್ಲಿ ಬಂದು ಹೋದದ್ದು. ಒಂದು ಹೆರಿಗೆಯ ನಂತರ ಮತ್ತೆ ಗರ್ಭ ಧರಿಸಲು ಕನಿಷ್ಠ ಎರಡು ವರ್ಷ ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪವಿತ್ರ ಕುರ್‌ಆನ್‌ನಲ್ಲಿ ಹಾಲೂಡಿಸುವ ಪೂರ್ಣ ಅವಧಿ ಎಂದು ಹೇಳಿರುವುದೂ ಎರಡು ವರ್ಷ. ಗಂಡಂದಿರು ಇದನ್ನು ಓದುತ್ತಿದ್ದರೆ ಈ ಲೆಕ್ಕ ನಿಮಗೂ ಸೇರಿದ್ದು.

ಮಾತ್ರೆ ನುಂಗುವ ಕ್ರಮ

ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಈಗಾಗಲೇ ರಕ್ತಹೀನತೆ ಇದ್ದರೆ ವೈದ್ಯರು ಎರಡು ಹೇಳುತ್ತಾರೆ. ಮಾತ್ರೆ ಸಾಲದೆ ಹೋದರೆ, ಇಲ್ಲವೇ ಹೆರಿಗೆ ಹತ್ತಿರವಿದ್ದರೆ, ರಕ್ತನಾಳಕ್ಕೆ ಕಬ್ಬಿಣದ ಚುಚ್ಚುಮದ್ದು ಇದೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಅದು ಆಸ್ಪತ್ರೆಯ ಕೆಲಸ, ಕ್ಲಿನಿಕ್ಕಿನದಲ್ಲ.

ಮಾತ್ರೆ ತೆಗೆದುಕೊಂಡೂ ರಕ್ತ ಏರಲಿಲ್ಲ ಎನ್ನುವವರನ್ನು ನಾನು ಮೊದಲು ಕೇಳುವುದು, "ಯಾವುದರ ಜೊತೆ ನುಂಗಿದಿರಿ?" ಎಂದು. ಹತ್ತರಲ್ಲಿ ಆರು ಮಂದಿ ಚಹಾದ ಜೊತೆ ಎನ್ನುತ್ತಾರೆ. ಚಹಾ, ಕಾಫಿ, ಹಾಲು ಮೂರೂ ಕಬ್ಬಿಣವನ್ನು ಕರುಳಲ್ಲೇ ತಡೆಯುತ್ತವೆ. ಮಾತ್ರೆಗೂ ಇವಕ್ಕೂ ನಡುವೆ ಕನಿಷ್ಠ ಒಂದು ಗಂಟೆ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೆ ನುಂಗಬೇಡಿ, ಎರಡು ಗಂಟೆ ಬಿಡಿ. ಲಿಂಬೆ ನೀರು, ಒಂದು ಕಿತ್ತಳೆ, ನೆಲ್ಲಿಕಾಯಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಕೊಡಗಿನಲ್ಲಿ ಕಿತ್ತಳೆಗೂ ಲಿಂಬೆಗೂ ಬರವೇ? ಹೊಟ್ಟೆ ತೊಳೆಸಿದರೆ ರಾತ್ರಿ ಊಟವಾದ ಮೇಲೆ ಮಲಗುವಾಗ ತೆಗೆದುಕೊಳ್ಳಿ. ಮಲ ಕಪ್ಪಾಗುವುದು ಸಹಜ, ಭಯ ಬೇಡ. ಮಲಬದ್ಧತೆಗೆ ನೀರು, ಸೊಪ್ಪು, ರಾತ್ರಿ ನೆನೆಸಿದ ನಾಲ್ಕೈದು ಒಣ ದ್ರಾಕ್ಷಿ ಸಾಕು.

"ಆ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ" ಎಂದು ನಮ್ಮ ಮನೆಗಳಲ್ಲಿ ಪಿಸುಗುಡುವವರಿದ್ದಾರೆ. ಮಲ ಕಪ್ಪಾದದ್ದನ್ನು ನೋಡಿ ಮಗುವೂ ಕಪ್ಪಾದೀತು ಎಂದು ಯಾರೋ ಊಹಿಸಿದ್ದಿರಬೇಕು. ಮಗುವಿನ ಬಣ್ಣ ತಂದೆ ತಾಯಿಯಿಂದ ಬರುತ್ತದೆ. ಮಾತ್ರೆಯಿಂದಲೂ ಇಲ್ಲ, ಕೇಸರಿ ಹಾಲಿನಿಂದಲೂ ಇಲ್ಲ. ಕೇಸರಿಗೆ ಕೊಡುವ ಹಣದಲ್ಲಿ ತಿಂಗಳು ಪೂರ್ತಿ ಮೊಟ್ಟೆ ಬರುತ್ತದೆ. ಹಾಗೆಯೇ "ಹೆಚ್ಚು ತಿಂದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ" ಎಂದು ಕೊನೆಯ ತಿಂಗಳುಗಳಲ್ಲಿ ಊಟ ಕಡಿಮೆ ಮಾಡಿಸುವ ಹಿರಿಯರೂ ಇದ್ದಾರೆ. ಮಗು ತೂಕ ಹೆಚ್ಚಿಸಿಕೊಳ್ಳುವುದೇ ಆ ತಿಂಗಳುಗಳಲ್ಲಿ. ಆಗ ತಾಯಿಯ ತಟ್ಟೆ ಕಸಿಯುವುದು ಮಗುವಿನ ಬಾಯಿಂದ ಕಸಿದಂತೆ.

ತಟ್ಟೆಯಲ್ಲಿ ಏನಿರಬೇಕು?

ಎರಡು ಜೀವಕ್ಕೆ ಎರಡು ಪಾಲು ಬೇಕಿಲ್ಲ. ನಾಲ್ಕನೇ ತಿಂಗಳ ನಂತರ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚಿಗೆ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಒಂದು ಮೊಟ್ಟೆ, ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಒಂದು ಹಿಡಿ ನೆಲಗಡಲೆಯಲ್ಲಿ ಅದು ಬಂದುಬಿಡುತ್ತದೆ. ಸಾಧಾರಣ ಮೈಕಟ್ಟಿನ ಹೆಣ್ಣು ಒಂಬತ್ತು ತಿಂಗಳಲ್ಲಿ 10ರಿಂದ 12 ಕಿಲೋ ಏರಿದರೆ ಒಳ್ಳೆಯದು. ತೊಂದರೆ ಇರುವುದು ಪ್ರಮಾಣದಲ್ಲಿ ಅಲ್ಲ, ಸರದಿಯಲ್ಲಿ. ಗಂಡಸರು, ಮಕ್ಕಳು, ಅತಿಥಿಗಳು ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರು ಗರ್ಭಿಣಿಗೆ ಬರುತ್ತದೆ. ಮೀನಿನ ತುಂಡು ಅಷ್ಟರಲ್ಲಿ ಮುಗಿದಿರುತ್ತದೆ. ಅವಳ ತಟ್ಟೆ ಮೊದಲು ಬಡಿಸಿ ತೆಗೆದಿಡಿ. ಇದಕ್ಕೆ ಯಾವ ಔಷಧಿ ಅಂಗಡಿಗೂ ಹೋಗಬೇಕಿಲ್ಲ.

ಕಬ್ಬಿಣಕ್ಕೆ ಮಾಂಸ, ಮೀನು, ರಾಗಿ, ಹುರುಳಿ, ಹರಿವೆ, ನುಗ್ಗೆಸೊಪ್ಪು. ಮತ್ತಿ ಮೀನು, ಬಂಗುಡೆ ಅಗ್ಗವೂ ಹೌದು, ಮಗುವಿನ ಮಿದುಳಿಗೆ ಬೇಕಾದ ಕೊಬ್ಬು ಇರುವಂಥದ್ದೂ ಹೌದು. ಶಾರ್ಕ್‌ನಂಥ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಸೇರಿರುತ್ತದೆ, ಅವು ಬೇಡ. "ರಕ್ತಕ್ಕೆ ಕಲೇಜಿ" ಎಂದು ವಾರಕ್ಕೆರಡು ಸಲ ಲಿವರ್ ಕೊಡುವ ಮನೆಗಳಿವೆ. ಲಿವರ್‌ನಲ್ಲಿ ಕಬ್ಬಿಣ ಹೇರಳ ನಿಜ, ಆದರೆ ವಿಟಮಿನ್ ಎ ಕೂಡ ಅತಿಯಾಗಿದೆ, ಅದು ಹೆಚ್ಚಾದರೆ ಮಗುವಿನ ಅಂಗ ರಚನೆಗೆ ಕೆಡುಕು. ಗರ್ಭಿಣಿಗೆ ಲಿವರ್ ಬೇಡ, ಮಾಂಸ ಸಾಕು. ಅದೂ ಒಳಗೆ ಕೆಂಪು ಉಳಿಯದಂತೆ ಬೆಂದಿರಬೇಕು. ಅರೆಬೆಂದ ಕಬಾಬಿನಿಂದ, ಬೆಕ್ಕು ಓಡಾಡುವ ಹಿತ್ತಲಿನ ಮಣ್ಣು ಮುಟ್ಟಿ ಕೈ ತೊಳೆಯದೆ ಇರುವುದರಿಂದ ಬರುವ ಸೋಂಕು ಮಗುವಿನ ಕಣ್ಣು, ಮಿದುಳಿಗೆ ತಗಲುತ್ತದೆ.

ಖರ್ಜೂರದ ಬಗ್ಗೆ ಕೇಳದವರಿಲ್ಲ. ಮರ್ಯಮ್‌ರಿಗೆ ಹೆರಿಗೆ ನೋವಿನಲ್ಲಿ ಖರ್ಜೂರ ಮತ್ತು ನೀರು ಒದಗಿದ್ದನ್ನು ಕುರ್‌ಆನ್ ಹೇಳುತ್ತದೆ. 2011ರಲ್ಲಿ ಪ್ರಕಟವಾದ ಜೋರ್ಡಾನಿನ ಒಂದು ಸಣ್ಣ ಅಧ್ಯಯನದಲ್ಲಿ, ಹೆರಿಗೆಗೆ ಮುಂಚಿನ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದವರಲ್ಲಿ ನೋವು ತಾನಾಗಿ ಶುರುವಾದದ್ದು ಹೆಚ್ಚು ಕಂಡಿತು. ಒಳ್ಳೆಯದೇ. ಆದರೆ ಸಕ್ಕರೆ ಕಾಯಿಲೆ ಇರುವ ಗರ್ಭಿಣಿ ವೈದ್ಯರನ್ನು ಕೇಳದೆ ತಿನ್ನಬಾರದು. ಹಾಗೆಯೇ ಬೆಲ್ಲ ರಕ್ತ ತರುತ್ತದೆಂಬ ಮಾತು ನಂಬಿ ಹೊತ್ತುಹೊತ್ತಿಗೆ ಬೆಲ್ಲದ ಕಾಫಿ ಕುಡಿಯುವವರಿಗೆ: ಬೆಲ್ಲದಲ್ಲಿರುವ ಕಬ್ಬಿಣ ಅಲ್ಪ, ಅದನ್ನೂ ಕಾಫಿ ತಡೆಯುತ್ತದೆ.

ಕಾಫಿಯನ್ನು ಬಿಡಿ ಎಂದರೆ ಕೊಡಗಿನಲ್ಲಿ ಯಾರೂ ನನ್ನ ಕ್ಲಿನಿಕ್ಕಿಗೆ ಬರಲಾರರು. ಬಿಡಬೇಕಾಗಿಯೂ ಇಲ್ಲ. ಗರ್ಭಿಣಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರಬಾರದು. ನೆನಪಿರಲಿ, ನಮ್ಮ ಸುತ್ತ ಬೆಳೆಯುವ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು. ಮನೆಯಲ್ಲಿ ಹುರಿದು ಪುಡಿ ಮಾಡಿದ ರೊಬಸ್ಟಾದ ಗಟ್ಟಿ ಕಾಫಿ ದಿನಕ್ಕೆ ಒಂದು ಸಣ್ಣ ಲೋಟ ಸಾಕು, ಚಹಾವನ್ನೂ ಆ ಲೆಕ್ಕಕ್ಕೇ ಸೇರಿಸಿ. ಊಟದ ಹಿಂದೆಯೇ ಮಾತ್ರ ಕುಡಿಯಬೇಡಿ.

ಮಳೆಗಾಲದ ನಮ್ಮ ಅಡುಗೆಗಳಲ್ಲಿ ಕಣಿಲೆ ಒಂದು. ಹಸಿ ಕಣಿಲೆಯಲ್ಲಿ ಸಯನೈಡ್ ಉಂಟುಮಾಡುವ ಅಂಶವಿದೆ, ಹೆಚ್ಚಿ ನೆನೆಸಿ ನೀರು ಬದಲಿಸಿ, ಕುದಿಸಿ ನೀರು ಚೆಲ್ಲಿದ ಮೇಲೆಯೇ ಪಲ್ಯ. ಅವಸರದವರು ಮಾಡಿದ ಕಣಿಲೆಯನ್ನು ಗರ್ಭಿಣಿ ತಿನ್ನಬಾರದು. ಕಕ್ಕಡದ 18ಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ನೆರೆಮನೆಯಿಂದ ಮದ್ದುಸೊಪ್ಪಿನ ಪಾಯಸ ಬರುತ್ತದೆ. ಮೂತ್ರಕ್ಕೂ ಬಣ್ಣ ಬರಿಸುವ ಈ ಸೊಪ್ಪು ಔಷಧೀಯ ಸಸ್ಯ. ಗರ್ಭಿಣಿಗೆ ಅದು ಸುರಕ್ಷಿತ ಎಂದು ಪರೀಕ್ಷೆಯಿಂದ ತೋರಿಸಿಕೊಟ್ಟದ್ದನ್ನು ನಾನು ಕಂಡಿಲ್ಲವಾದ್ದರಿಂದ ಆ ವರ್ಷ ಬಿಡಿ ಎನ್ನುತ್ತೇನೆ. ಕಾಯಿ ಪಪ್ಪಾಯಿಯೂ ಬೇಡ. ಚೆನ್ನಾಗಿ ಹಣ್ಣಾದ ಪಪ್ಪಾಯಿಯ ಮೇಲೆ ನನಗೆ ತಕರಾರಿಲ್ಲ. ಎಲೆಯಡಿಕೆ, ಅದರಲ್ಲೂ ಹೊಗೆಸೊಪ್ಪು, ಪೂರ್ಣ ನಿಲ್ಲಬೇಕು; ಮಗುವಿನ ತೂಕ ಇಳಿಸುವುದರಲ್ಲಿ ಹೊಗೆಸೊಪ್ಪು ಬೀಡಿಗಿಂತ ಹಿಂದಿಲ್ಲ.

ಯುನಾನಿ ಔಷಧಿ ಎಂದ ಮಾತ್ರಕ್ಕೆ ನಿರಪಾಯವಲ್ಲ

ನಾನು ಓದಿದ್ದು ಯುನಾನಿ, ಆದ್ದರಿಂದ ಈ ಮಾತನ್ನು ನಾನೇ ಹೇಳಬೇಕು. ಹತ್ತನೇ ಶತಮಾನದಲ್ಲೇ ಕಾರ್ಡೋಬಾದ ಅರೀಬ್ ಇಬ್ನ್ ಸಅದ್ ಗರ್ಭಿಣಿಯರ ಮತ್ತು ಶಿಶುಗಳ ಆರೈಕೆಗೆಂದೇ ಒಂದು ಗ್ರಂಥ ಬರೆದಿದ್ದರು. ಇಬ್ನ್ ಸೀನಾ (980-1037) ತಮ್ಮ ಅಲ್ ಕಾನೂನ್‌ನಲ್ಲಿ ಗರ್ಭಿಣಿಗೆ ತೀಕ್ಷ್ಣ ಭೇದಿ ಔಷಧಿ, ರಕ್ತ ತೆಗೆಯುವುದು ಮುಂತಾದವುಗಳಲ್ಲಿ ಬಹಳ ಎಚ್ಚರ ಬೇಕೆಂದಿದ್ದಾರೆ. ಹಳೆಯ ಹಕೀಮರು ಗರ್ಭವನ್ನು ಮರದ ಹಣ್ಣಿಗೆ ಹೋಲಿಸುತ್ತಿದ್ದರು: ಹೀಚು ಇದ್ದಾಗಲೂ, ಕಳಿತಾಗಲೂ ತೊಟ್ಟು ಸಡಿಲ. ಅಂದರೆ ಮೊದಲ ಮೂರು ಮತ್ತು ಕೊನೆಯ ಎರಡು ತಿಂಗಳು ಹೆಚ್ಚು ಜಾಗ್ರತೆ. ಗರ್ಭಿಣಿಯ ವಿಚಿತ್ರ ಬಯಕೆಗೆ, ಮಣ್ಣು ತಿನ್ನುವ ಆಸೆಗೆ ಅವರು ವಹಮ್ ಎಂದು ಹೆಸರಿಟ್ಟರು. ಮಣ್ಣು, ಹಸಿ ಅಕ್ಕಿ, ಸುಣ್ಣ ತಿನ್ನುವ ಆಸೆ ಹಲವು ಸಲ ಕಬ್ಬಿಣದ ಕೊರತೆಯ ಗುರುತು ಎಂದು ಇಂದು ತಿಳಿದಿದೆ. ಕಿಸೆಯ ಅಕ್ಕಿಕಾಳು ನನಗೆ ಸುಳಿವು ಕೊಟ್ಟದ್ದು ಹಾಗೆ.

ಹೀಗಿದ್ದೂ ಇಂದು ನಮ್ಮವರು ಹಕೀಮರ ಹೆಸರಿನಲ್ಲಿ ಏನೇನು ತಿನ್ನುತ್ತಾರೆ! ಮಲಬದ್ಧತೆಗೆ ಸೋನಾಮುಖಿ, ಮುಸಬ್ಬರ್ (ಲೋಳೆಸರದ ಒಣ ರಸ) ಗರ್ಭಿಣಿಗೆ ಬೇಡ. ಮುಟ್ಟು ತರಿಸಲು ಬಳಸುವ ಮಾಜೂನ್‌ಗಳು ಗರ್ಭಕ್ಕೆ ಅಪಾಯ. ಅಡುಗೆಯ ಮೆಂತ್ಯ, ಕಲೋಂಜಿ, ಇಂಗು ತೊಂದರೆಯಿಲ್ಲ. ಚಮಚಗಟ್ಟಲೆ ಔಷಧಿಯಾಗಿ ಬೇಡ. ಕುಷ್ತಾ ಎಂಬ ಲೋಹಭಸ್ಮಗಳನ್ನು, ಅದರಲ್ಲೂ ಲೇಬಲ್ ಇಲ್ಲದೆ ಪೊಟ್ಟಣದಲ್ಲಿ ಬರುವುದನ್ನು, ಮುಟ್ಟಲೇಬೇಡಿ. ಅವುಗಳಲ್ಲಿ ಸೀಸ, ಪಾದರಸ ಇರಬಹುದು. ಹಿಜಾಮಾ ಕೂಡ ಹೆರಿಗೆಯಾಗುವವರೆಗೆ ನಿಲ್ಲಲಿ. ರಕ್ತ ಸಾಲದ ಮೈಯಿಂದ ರಕ್ತ ತೆಗೆಯುವುದು ಯಾವ ವೈದ್ಯ?

ಸುರ್ಮಾದ ಬಗ್ಗೆ ಬರೆದರೆ ಹಲವರಿಗೆ ಬೇಸರವಾಗುತ್ತದೆ, ಆದರೂ ಬರೆಯುತ್ತೇನೆ. ಪೇಟೆಯಲ್ಲಿ ಸುರ್ಮಾ ಎಂದು ಸಿಗುವ ಕಲ್ಲಿನ ಪುಡಿ ಬಹಳ ಸಲ ಸೀಸದ ಅದಿರು. ಹಳೆಯ ಪುಸ್ತಕಗಳ ಇಸ್ಮಿದ್ ಅದಲ್ಲ. ಆ ಸೀಸ ಕಣ್ಣಿನಿಂದ ಮೂಗು ಗಂಟಲಿಗಿಳಿದು, ಕೈಯಿಂದ ಬಾಯಿಗೆ ಹೋಗಿ ರಕ್ತ ಸೇರುತ್ತದೆ, ಮಾಸನ್ನು ದಾಟಿ ಮಗುವಿಗೂ ತಲಪುತ್ತದೆ, ಮಗುವಿನ ಬುದ್ಧಿ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಹುಟ್ಟಿದ ಮಗುವಿನ ಕಣ್ಣಿಗೂ ಹಚ್ಚಬೇಡಿ.

ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳಲ್ಲಿ ಮೊದಲನೆಯದು ಗಾಳಿ. ಸೌದೆ ಒಲೆಯ ಹೊಗೆ ತುಂಬಿದ ಅಡುಗೆಮನೆ, ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಬಟ್ಟೆ ಒಣಗಿಸುವ ಕೋಣೆ, ಮಗ್ರಿಬ್‌ಗೆ ಹಾಕುವ ಲೋಬಾನ: ಈ ಹೊಗೆಯೆಲ್ಲ ಮಗುವಿನ ಪಾಲಿನ ಗಾಳಿಯನ್ನು ಕೆಡಿಸುತ್ತದೆ. ಗ್ಯಾಸ್ ಇದ್ದೂ ಉಳಿತಾಯಕ್ಕೆಂದು ಗರ್ಭಿಣಿಯನ್ನು ಸೌದೆ ಒಲೆಯ ಮುಂದೆ ಕೂರಿಸಬೇಡಿ.

ರಮಝಾನ್ ಬಂದಾಗ

ಗರ್ಭಿಣಿಗೂ ಹಾಲೂಡಿಸುವವಳಿಗೂ ಉಪವಾಸದಲ್ಲಿ ರಿಯಾಯಿತಿ ಇರುವುದು ಹದೀಸ್‌ಗಳಿಂದ ತಿಳಿದಿದೆ. ಆದರೂ "ಎಲ್ಲರೂ ಹಿಡಿಯುವಾಗ ನಾನೊಬ್ಬಳೇ ಹೇಗೆ" ಎಂಬ ಸಂಕೋಚ ನಮ್ಮ ಹೆಣ್ಣುಮಕ್ಕಳಲ್ಲಿದೆ. ನಾನೂ ಮೊದಲ ಗರ್ಭದಲ್ಲಿ ಹಾಗೆ ಹಿಡಿದು ನಾಲ್ಕನೇ ದಿನ ಅಸರ್ ಹೊತ್ತಿಗೆ ತಲೆಸುತ್ತಿ ಬಿದ್ದವಳು. ರಕ್ತಹೀನತೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ವಾಂತಿ, ತೂಕ ಏರದಿರುವುದು, ಅವಳಿ ಮಕ್ಕಳು: ಇವುಗಳಲ್ಲಿ ಒಂದಿದ್ದರೂ ಉಪವಾಸ ಬೇಡ. ಏನೂ ತೊಂದರೆಯಿಲ್ಲದವಳು ಹಿಡಿಯಲೇಬೇಕೆಂದರೆ ವೈದ್ಯರನ್ನು ಕಂಡು, ಸಹರಿ ಬಿಡದೆ, ಇಫ್ತಾರ್‌ನಿಂದ ಸಹರಿವರೆಗೆ ಸಾಕಷ್ಟು ನೀರು ಕುಡಿದು ಹಿಡಿಯಲಿ. ತಲೆಸುತ್ತಿದರೆ, ಮೂತ್ರ ಗಾಢವಾದರೆ, ಮಗು ಮಿಸುಕುವುದು ಕಡಿಮೆಯಾದರೆ ಆ ಕ್ಷಣವೇ ಬಿಡಬೇಕು. ನಂತರ ಹೇಗೆ ತೀರಿಸಬೇಕೆಂಬುದನ್ನು ಉಸ್ತಾದರನ್ನು ಕೇಳಿ, ಅದು ನನ್ನ ವಿಷಯವಲ್ಲ.

ಪರೀಕ್ಷೆಗಳು, ಕೆಲಸ, ದಾರಿ

ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಕೊಳವೆ ಗರ್ಭ ನಿಂತ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿದ್ದು ಗೊತ್ತಾಗಿ, ನಾಚಿಕೆ ಕಳೆದು ಆಸ್ಪತ್ರೆಗೆ ಬರುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಅದಕ್ಕೆ ಬೇಕಾದ ಫೋಲಿಕ್ ಆಮ್ಲವನ್ನು (ದಿನಕ್ಕೆ 400 ಮೈಕ್ರೋಗ್ರಾಂ) ಮದುವೆಯಾದ ಹುಡುಗಿ ಮಗು ಬಯಸುವ ತಿಂಗಳಿಂದಲೇ ಶುರು ಮಾಡಬೇಕು. ಸಂಬಂಧದಲ್ಲೇ ಮದುವೆಯಾದವರು ಥಲಸ್ಸೀಮಿಯಾದ ರಕ್ತ ಪರೀಕ್ಷೆಯನ್ನು ಗಂಡ ಹೆಂಡತಿ ಇಬ್ಬರೂ ಮಾಡಿಸಿಕೊಂಡರೆ ಉತ್ತಮ. ಸಕ್ಕರೆಯ ಪರೀಕ್ಷೆ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ 140 ಅಥವಾ ಹೆಚ್ಚು ಬಂದರೆ ಗರ್ಭಿಣಿಯ ಸಕ್ಕರೆ ಕಾಯಿಲೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ಉಚಿತವಾಗಿ ನಡೆಯುತ್ತದೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟ, ಮೊಟ್ಟೆ, ಹಾಲು 2017ರಿಂದ ಇದೆ. "ಅಲ್ಲಿ ಹೋಗಿ ಕೂತು ಉಣ್ಣುವುದೇ" ಎಂಬ ಬಿಗುಮಾನ ಬಿಡಿ.

ತೋಟದ ಕೆಲಸಕ್ಕೆ ಹೋಗುವವರು ಮೂಟೆ ಹೊರಬಾರದು, ಔಷಧಿ ಸಿಂಪಡಿಸಿದ ಬ್ಲಾಕಿಗೆ ಹೋಗಬಾರದು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕಾರ್ಖಾನೆಗಳ ಜೊತೆ ಪ್ಲಾಂಟೇಶನ್‌ಗಳನ್ನೂ ಒಳಗೊಂಡಿತ್ತು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆಯಾಯಿತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ರೈಟರನ್ನು ಕೇಳಲು ಹಿಂಜರಿಯಬೇಡಿ.

ಇನ್ನು ದಾರಿ. ಹೆರಿಗೆಯ ದಿನ ಜುಲೈ ಆಗಸ್ಟ್‌ನಲ್ಲಿ ಬಂದರೆ ನಾನು ಮೂರು ತಿಂಗಳ ಮೊದಲೇ ಮನೆಯವರನ್ನು ಕೂರಿಸಿ ಮಾತಾಡುತ್ತೇನೆ. 2018ರ ಭೂಕುಸಿತ, 2019ರಲ್ಲಿ ಕರಡಿಗೋಡಿನ ಮನೆಗಳಿಗೆ ಕಾವೇರಿ ನುಗ್ಗಿದ್ದು ಯಾರೂ ಮರೆತಿಲ್ಲ. ಪ್ರವಾಹ ಬೇಡ, ಒಂದು ಮರ ಅಡ್ಡ ಬಿದ್ದರೂ ಸಾಕು, ಕರೆಂಟೂ ಹೋಗಿ ಮೊಬೈಲ್ ಸಿಗ್ನಲೂ ಹೋಗುತ್ತದೆ. ರಾತ್ರಿ ತೋಟದ ರಸ್ತೆಯಲ್ಲಿ ಆನೆ ನಿಂತಿದ್ದರೆ 108 ಆಂಬುಲೆನ್ಸ್ ಕೂಡ ಕಾಯಲೇಬೇಕು. ಇಲ್ಲಿಂದ ವಿರಾಜಪೇಟೆ ಹತ್ತಿರ, ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಒಂದು ಗಂಟೆ, ಮೈಸೂರಿನ ಚೆಲುವಾಂಬಾ ಆಸ್ಪತ್ರೆಗೆ ಎರಡೂವರೆ ಮೂರು ಗಂಟೆ. ಹಾಗಾಗಿ ಒಳತೋಟದಲ್ಲಿರುವವರು ಕೊನೆಯ ಎರಡು ವಾರ ಪೇಟೆಯಲ್ಲಿರುವ ಸಂಬಂಧಿಕರ ಮನೆಗೆ ಬನ್ನಿ. ಜೀಪು ಯಾರದ್ದು, ರಾತ್ರಿ ಯಾರಿಗೆ ಫೋನ್, ರಕ್ತ ಕೊಡುವವರು ಯಾರು ಎಂಬುದು ಮೊದಲೇ ಗೊತ್ತಿರಲಿ. ಏಳನೇ ತಿಂಗಳಿಗೆ ತವರಿಗೆ ಹೋಗುವವರು ತಾಯಿ ಕಾರ್ಡ್ ಮತ್ತು ಎಲ್ಲ ವರದಿ ಜೊತೆಗೆ ಒಯ್ಯಬೇಕು. ಅಲ್ಲಿನ ಆಶಾ ಕಾರ್ಯಕರ್ತೆಗೆ ಹೋದ ವಾರವೇ ತಿಳಿಸಬೇಕು.

ಯಾವಾಗ ಕಾಯದೆ ಹೊರಡಬೇಕು? ಯಾವುದೇ ತಿಂಗಳಲ್ಲಿ ರಕ್ತ ಕಂಡರೆ. ಬಿಡದ ತಲೆನೋವು, ಕಣ್ಣು ಮಂಜು, ಮುಖ ಕೈ ಊತ, ಎದೆಯ ಕೆಳಗೆ ನೋವು ಬಂದರೆ. ಇವು ರಕ್ತದೊತ್ತಡ ಏರಿದ ಲಕ್ಷಣ, ಮುಂದೆ ಅಪಸ್ಮಾರದಂತೆ ಫಿಟ್ಸ್ ಬರಬಹುದು. ಇದನ್ನು ಜಿನ್ನ್ ಎಂದು ಭಾವಿಸಿ ಊದಿಸಲು ಒಯ್ದು ಕಳೆದುಕೊಂಡ ಜೀವಗಳಿವೆ. ದುಆ ಮಾಡಿಸಿ, ಆಂಬುಲೆನ್ಸ್‌ನಲ್ಲಿ ಕೂತು ಮಾಡಿಸಿ. ನೀರು ಒಡೆದರೆ, ಜ್ವರ ಬಂದರೆ, ಏಳನೇ ತಿಂಗಳ ನಂತರ ಮಗು ಎಂದಿನಂತೆ ಮಿಸುಕದಿದ್ದರೆ, ಬೆಳಗಾಗಲಿ ಎನ್ನಬೇಡಿ.

ನಿದ್ದೆ, ವಿಶ್ರಾಂತಿ, ಮನಸ್ಸಿನ ನೆಮ್ಮದಿ ಇವೂ ಆ ಆರರಲ್ಲಿ ಸೇರಿವೆ. ಮಧ್ಯಾಹ್ನ ಎರಡು ಗಂಟೆ ಎಡ ಮಗ್ಗುಲಿಗೆ ಮಲಗಿದರೆ ಗರ್ಭಕೋಶಕ್ಕೆ ರಕ್ತ ಸರಾಗವಾಗಿ ಹರಿಯುತ್ತದೆ. ಗಲ್ಫ್‌ನಲ್ಲಿರುವ ಗಂಡ ವೀಡಿಯೋ ಕರೆಯಲ್ಲಿ "ಗಂಡೋ ಹೆಣ್ಣೋ" ಎಂದು ಕೇಳುವ ಬದಲು "ಇಂದು ಮಾತ್ರೆ ತಿಂದೆಯಾ" ಎಂದು ಕೇಳಿದರೆ ಎಷ್ಟೋ ಒಳ್ಳೆಯದು.

ಆ ಹುಡುಗಿಯ ಗಂಡ ಹಾಗೆಯೇ ಕೇಳಿದ. ನಾನೇ ಫೋನಿನಲ್ಲಿ ಹೇಳಿದ್ದೆ. ಹುಳದ ಮಾತ್ರೆ, ದಿನಕ್ಕೆರಡು ಕಬ್ಬಿಣದ ಮಾತ್ರೆ, ಆಮೇಲೆ ಸಾಲದೆಂದು ಸರಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಚುಚ್ಚುಮದ್ದು. ಅತ್ತೆ ಅವಳ ತಟ್ಟೆ ಮೊದಲು ಬಡಿಸತೊಡಗಿದರು. ಒಂಬತ್ತಕ್ಕೆ ಹಿಮೋಗ್ಲೋಬಿನ್ 10.6. ಮಗು ಎರಡು ಕಿಲೋ ಒಂಬೈನೂರು ಗ್ರಾಂ. ಮೊನ್ನೆ ಅದೇ ಅತ್ತೆ ಕಿರಿಯ ಸೊಸೆಯನ್ನು ಕರೆದುಕೊಂಡು ಬಂದರು. ಮಾಜೂನ್ ಕೇಳಲಿಲ್ಲ, ರಕ್ತದ ವರದಿ ಕೈಯಲ್ಲೇ ಇತ್ತು. ತಾಯಿ ಕಾರ್ಡ್ ಮಾತ್ರ ಮರೆತಿದ್ದರು. ಮಳೆ ಹನಿಯುತ್ತಿತ್ತು, ಆದರೂ ಮನೆಗೆ ವಾಪಸು ಕಳಿಸಿ ತರಿಸಿಕೊಂಡೆ.